ಮಕ್ಕಳ ಮೊಬೈಲಿಗೆ ಬೀಗ: ಯಾವ ಬಾಗಿಲಿಗೆ, ಎಷ್ಟು ಗಟ್ಟಿ?

ಮಕ್ಕಳ ಇಂಟರ್‌ನೆಟ್ ಬಳಕೆ ಮೇಲೆ ನಿಗಾ ಇಡುವ ಆ್ಯಪ್‌ಗಳ ಬಗ್ಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಈ ಸಲ ತೆಗೆದುಕೊಂಡಿದ್ದೇವೆ. ಮಕ್ಕಳ ವಿಷಯವಾದ್ದರಿಂದ ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ನಮ್ಮ ಮನಿಯವರು ಗೋವಾದಾಗ ಕೆಲಸಕ್ಕ ಇರ್ತಾರ. ಮಗಾ ಆರನೇ ಇಯತ್ತೆ. ಅಪ್ಪನ ಜೋಡಿ ಮಾತಾಡಾಕ, ಪಾಠದ ವಿಡಿಯೊ ನೋಡಾಕ ಅಂತ ಅವಂಗೊಂದು ಹೊಸಾ ಮೊಬೈಲ್ ತಂದೇವ್ರಿ. ಇನ್ನೂ ಡಬ್ಬಿ ಒಡದಿಲ್ಲ. ಅಂಗಡಿಯವ್ರು ಫ್ಯಾಮಿಲಿ ಲಿಂಕ್ ಹಾಕ್ರಿ ಅಂದ್ರು. ಹೆಂಗ ಹಾಕೂದು? ಅದರಿಂದ ಖರೇನ ಉಪಯೋಗ ಐತೇನ್ರಿ?
— ಒಬ್ಬ ತಾಯಿ, ಇಳಕಲ್ಲ

ಉತ್ತರ: ಡಬ್ಬಿ ಒಡೆಯುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಫೋನು ಕೊಟ್ಟು ಆರು ತಿಂಗಳ ಮೇಲೆ ಕಡಿವಾಣ ಹಾಕಿದರೆ ಹುಡುಗ ಅದನ್ನು ಶಿಕ್ಷೆ ಅಂದುಕೊಳ್ಳುತ್ತಾನೆ. ಮೊದಲ ದಿನವೇ ಹಾಕಿದರೆ ಫೋನು ಇರುವುದೇ ಹೀಗೆ ಅಂತ ಒಪ್ಪಿಕೊಳ್ಳುತ್ತಾನೆ.

ಫ್ಯಾಮಿಲಿ ಲಿಂಕ್ ಗೂಗಲ್‌ನದು. 2017ರಲ್ಲಿ ಬಂತು, ದುಡ್ಡು ಕೊಡಬೇಕಾಗಿಲ್ಲ. ಮೊದಲು ನಿಮ್ಮ ಫೋನಿನಲ್ಲಿ ಪ್ಲೇ ಸ್ಟೋರ್‌ನಿಂದ ಅದನ್ನು ಹಾಕಿಕೊಂಡು ನಿಮ್ಮ ಜಿಮೇಲ್‌ನಿಂದ ಒಳಗೆ ಹೋಗಿ. ಅಲ್ಲೇ ಮಗನ ಹೆಸರಿನಲ್ಲಿ ಹೊಸ ಖಾತೆ ತೆರೆಯಿರಿ. ಜನ್ಮ ದಿನಾಂಕ ನಿಜವಾದದ್ದನ್ನೇ ಕೊಡಿ. ಕೆಲಸ ಬೇಗ ಮುಗಿಯಲಿ ಅಂತ ಅಂಗಡಿಯಲ್ಲಿ ಎಷ್ಟೋ ಸಲ ವಯಸ್ಸು 20 ಅಂತ ತುಂಬಿಬಿಡುತ್ತಾರೆ. ಹಾಗೆ ಮಾಡಿದರೆ ಗೂಗಲ್ ಅವನನ್ನು ದೊಡ್ಡವನೆಂದೇ ನಂಬುತ್ತದೆ, ಮಕ್ಕಳಿಗೆ ತಾನಾಗಿಯೇ ಸಿಗುವ ರಕ್ಷಣೆ ಒಂದೂ ಸಿಗುವುದಿಲ್ಲ. ಆಮೇಲೆ ಹೊಸ ಫೋನು ಆನ್ ಮಾಡಿ, ಖಾತೆ ಕೇಳಿದಾಗ ಮಗನ ಖಾತೆಯೊಂದನ್ನೇ ಹಾಕಿ. ಅದರ ಜೊತೆ ನಿಮ್ಮ ಜಿಮೇಲನ್ನೋ ಅವರಪ್ಪನ ಜಿಮೇಲನ್ನೋ ಸೇರಿಸಬೇಡಿ. ದೊಡ್ಡವರ ಖಾತೆ ಇರುವ ಫೋನಿನಲ್ಲಿ ಮಕ್ಕಳ ನಿಯಂತ್ರಣಕ್ಕೆ ಅರ್ಥವಿಲ್ಲ.

ಇನ್ನು ನಿಮ್ಮ ಫೋನಿನಲ್ಲಿ ಮಾಡುವ ಕೆಲಸ. ದಿನದ ಮಿತಿಯನ್ನು ವಾರದ ಒಂದೊಂದು ದಿನಕ್ಕೂ ಬೇರೆ ಬೇರೆ ಇಡಬಹುದು. ಶಾಲೆಯ ದಿನ 1 ಗಂಟೆ, ಭಾನುವಾರ 2 ಗಂಟೆಯಿಂದ ಶುರುಮಾಡಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಫೋನು ಮಲಗುವಂತೆ ಇನ್ನೊಂದು ಗೆರೆ ಹಾಕಿ. ಫೋನು ಹೀಗೆ ಬೀಗವಾದಾಗಲೂ ಕರೆ ಮಾಡಲು, ಬಂದ ಕರೆ ಎತ್ತಲು ಆಗುತ್ತದೆ. ಹಾಗಾಗಿ ಅಪ್ಪನ ಫೋನ್ ತಪ್ಪೀತು ಎಂಬ ಚಿಂತೆ ಬೇಡ. ಆ್ಯಪ್ ಇಳಿಸಲು ನಿಮ್ಮ ಒಪ್ಪಿಗೆ ಬೇಕೆಂಬ ಆಯ್ಕೆಯಲ್ಲಿ ‘ಎಲ್ಲ ಆ್ಯಪ್‌ಗಳಿಗೂ’ ಅಂತ ಇಡಿ. ಅವನು ಒಂದು ಗೇಮ್ ಕೇಳಿದರೆ ನಿಮ್ಮ ಫೋನಿಗೆ ಸೂಚನೆ ಬರುತ್ತದೆ, ನೀವು ಒಪ್ಪಿದರಷ್ಟೇ ಇಳಿಯುತ್ತದೆ. ದೀಕ್ಷಾ ಆ್ಯಪ್, ಕ್ಯಾಲ್ಕುಲೇಟರ್‌ನಂಥವನ್ನು ‘ಯಾವಾಗಲೂ ತೆರೆದಿರಲಿ’ ಪಟ್ಟಿಗೆ ಸೇರಿಸಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಾಠ ನೋಡುವ ಹೊತ್ತಿಗೆ ಮಿತಿ ಮುಗಿಯಿತು ಅಂತ ಫೋನು ಮುಚ್ಚಿಕೊಂಡರೆ ಹುಡುಗನಿಗೂ ಸಿಟ್ಟು, ನಿಮಗೂ ಬೇಸರ. ಕ್ರೋಮ್ ಬ್ರೌಸರಿಗೆ ಮೂರು ಹಂತಗಳಿವೆ: ಎಲ್ಲ ಸೈಟ್, ಅಶ್ಲೀಲ ಸೈಟ್‌ಗಳಿಗೆ ತಡೆ, ನೀವು ಒಪ್ಪಿದ ಸೈಟ್ ಮಾತ್ರ. ಆರನೇ ಇಯತ್ತೆಗೆ ನಡುವಿನದು ಸಾಕು.

ಕಡೆಗೊಂದು ಕೆಲಸ ಇದೆ, ಇದನ್ನು ಮರೆಯುವವರೇ ಹೆಚ್ಚು. ಹೊಸ ಫೋನಿನಲ್ಲಿ ಕಂಪನಿಯವರೇ ಹಾಕಿಕೊಟ್ಟ ಬ್ರೌಸರ್, ವಿಡಿಯೊ ಆ್ಯಪ್, ಗೇಮ್‌ಗಳು ಇರುತ್ತವೆ. ಅವು ಪ್ಲೇ ಸ್ಟೋರ್‌ನಿಂದ ಇಳಿದವಲ್ಲವಾದ್ದರಿಂದ ಒಪ್ಪಿಗೆ ಕೇಳುವುದೇ ಇಲ್ಲ. ಕ್ರೋಮ್‌ಗೆ ಹಾಕಿದ ತಡೆ ಆ ಬ್ರೌಸರ್‌ಗಳಿಗೆ ಅನ್ವಯಿಸುವುದೂ ಇಲ್ಲ. ಪಟ್ಟಿ ತೆಗೆದು ಒಂದೊಂದನ್ನೂ ‘ಬ್ಲಾಕ್’ ಮಾಡಿ, ಕ್ರೋಮ್ ಒಂದನ್ನೇ ಉಳಿಸಿ. ಹತ್ತು ನಿಮಿಷದ ಕೆಲಸ. ಅದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಉಪಯೋಗ ಎಲ್ಲಿ ಅಂದರೆ ಸಮಯ, ರಾತ್ರಿಯ ನಿದ್ದೆ, ಕಂಡಕಂಡ ಆ್ಯಪ್ ಇಳಿಸುವ ಚಟ. ಈ ಮೂರರಲ್ಲಿ ಅದು ಚೊಲೋ ಕೆಲಸ ಮಾಡುತ್ತದೆ. ಅವನಿಗೆ ಯಾರು ಮೆಸೇಜ್ ಕಳಿಸಿದರು, ಅದರಲ್ಲಿ ಏನಿದೆ ಅನ್ನುವುದನ್ನು ಅದು ತೋರಿಸುವುದಿಲ್ಲ. ಅಂದಹಾಗೆ, ವಾಟ್ಸ್‌ಆ್ಯಪ್‌ಗೆ ಕನಿಷ್ಠ ವಯಸ್ಸು 13. ಟ್ಯೂಶನ್ ಗ್ರೂಪ್ ಇದ್ದರೆ ಅವನಿಗೆ 13 ತುಂಬುವವರೆಗೆ ಅದು ನಿಮ್ಮ ಫೋನಿನಲ್ಲೇ ಇರಲಿ.

ಪ್ರಶ್ನೆ: ನಮ್ದು ನೇಕಾರ ಮನಿ. ಇರೂದ ಒಂದು ಸ್ಮಾರ್ಟ್ ಫೋನು, ಅದೂ ನಂದು. ಒಂಬತ್ತು ವರ್ಷದ ಮಗ, ನಾಕು ವರ್ಷದ ಮಗಳು ಕಸಕೊಂಡು ನೋಡ್ತಾರ. ಶಾರ್ಟ್ಸ್ ನೋಡ್ಕೊಂತ ಎಲ್ಲೆಲ್ಲೋ ಹೋಗ್ತಾರ. ಮೊನ್ನೆ ಮಗಾ ರೊಕ್ಕಾ ಹಾಕೂ ಆ್ಯಪ್ ತಗದಿದ್ದ. ಇದಕ್ಕ ಯಾವ ಆ್ಯಪ್ ಹಾಕ್ಬೇಕು?
— ರಬಕವಿ

ಉತ್ತರ: ನಿಮಗೆ ನಿಗಾ ಆ್ಯಪ್ ಬೇಡ. ಅಂಥ ಆ್ಯಪ್‌ಗಳೆಲ್ಲ ಮಗುವಿಗೆ ಬೇರೆ ಫೋನಿದೆ ಅಂದುಕೊಂಡು ಮಾಡಿದವು. ನಿಮ್ಮ ಫೋನಿಗೇ ಹಾಕಿದರೆ ನಿಮ್ಮನ್ನೇ ಕಟ್ಟಿಹಾಕುತ್ತವೆ. ಫೋನಿನಲ್ಲಿ ಮೊದಲೇ ಇರುವ ಸೌಲಭ್ಯಗಳು ಸಾಕು.

ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ‘ಆ್ಯಪ್ ಪಿನ್ನಿಂಗ್’ ಅಥವಾ ‘ಸ್ಕ್ರೀನ್ ಪಿನ್ನಿಂಗ್’ ಅಂತ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಆ ಹೆಸರು ಹಾಕಿ. ಅದನ್ನು ಆನ್ ಮಾಡುವಾಗ, ಬಿಡಿಸಲು ಪಿನ್ ಕೇಳಬೇಕು ಎಂಬ ಆಯ್ಕೆಯನ್ನೂ ಆನ್ ಮಾಡಿ. ಆಮೇಲೆ ಮಕ್ಕಳಿಗೆ ತೋರಿಸುವ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪಟ್ಟಿಗೆ ಹೋಗಿ, ಆ ಆ್ಯಪಿನ ಚಿತ್ರ ಒತ್ತಿ ‘ಪಿನ್’ ಅನ್ನಿ. ಇನ್ನು ನಿಮ್ಮ ಪಿನ್ ಗೊತ್ತಿಲ್ಲದೆ ಆ ಆ್ಯಪ್ ಬಿಟ್ಟು ಹೊರಗೆ ಬರಲು ಆಗುವುದಿಲ್ಲ. ಮಗ್ಗದ ಮುಂದೆ ಕೂತಾಗ ಇದೊಂದೇ ಅರ್ಧ ಚಿಂತೆ ಕಳೆಯುತ್ತದೆ.

ಯೂಟ್ಯೂಬ್ ಬದಲು ಯೂಟ್ಯೂಬ್ ಕಿಡ್ಸ್ ಹಾಕಿ. ಅದರಲ್ಲಿ ಮಗಳಿಗೆ 4 ವರ್ಷದವರೆಗಿನ ಹಂತ, ಮಗನಿಗೆ 9ರಿಂದ 12ರ ಹಂತ ಬೇರೆ ಬೇರೆ ಇಡಬಹುದು. ಹುಡುಕುವ ಸೌಲಭ್ಯ ಮುಚ್ಚಿಬಿಡಿ. ಮಗಳ ಹಂತದಲ್ಲಿ ‘ನಾನು ಒಪ್ಪಿದ ವಿಡಿಯೊ ಮಾತ್ರ’ ಅಂತ ಇಟ್ಟು, ನಾಲ್ಕೈದು ಕನ್ನಡ ಹಾಡು-ಕಥೆಯ ಚಾನೆಲ್‌ಗಳನ್ನು ನೀವೇ ನೋಡಿ ಆರಿಸಿ. ಇಲ್ಲೊಂದು ಸೂಕ್ಷ್ಮ ಇದೆ. ದೊಡ್ಡವರ ಸೆಟ್ಟಿಂಗ್ಸ್‌ಗೆ ಹೋಗುವ ಮುಂಚೆ ಆ ಆ್ಯಪ್ ಒಂದು ಗುಣಾಕಾರದ ಲೆಕ್ಕ ಕೇಳುತ್ತದೆ, 7 ಎಂಟ್ಲೆ ಎಷ್ಟು ಅನ್ನುವಂಥದ್ದು. ಮಗ್ಗಿ ಬಾಯಿಪಾಠ ಇರುವ ನಿಮ್ಮ ಮಗನಿಗೆ ಅದು ಬೀಗವೇ ಅಲ್ಲ. ಲೆಕ್ಕದ ಬದಲು ನಿಮ್ಮದೇ ನಾಲ್ಕಂಕಿಯ ಕೋಡ್ ಇಟ್ಟುಕೊಳ್ಳಿ. ಸಮಯದ ಮಿತಿಯೂ ಅದರಲ್ಲೇ ಇದೆ. ಮುಗಿದಾಗ ಆ್ಯಪ್ ತಾನಾಗಿ ಮುಚ್ಚಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ 2ರಿಂದ 4 ವರ್ಷದ ಮಕ್ಕಳಿಗೆ ಪರದೆ ದಿನಕ್ಕೆ 1 ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು.

ರೊಕ್ಕದ ವಿಷಯ ಎಲ್ಲಕ್ಕಿಂತ ಮೊದಲು ಸರಿಮಾಡಿ. ಹಣ ಕಳಿಸುವ ಆ್ಯಪಿಗೆ ಬೆರಳಚ್ಚಿನ ಬೀಗ ಹಾಕಿ. ಯುಪಿಐ ಲೈಟ್ ಆನ್ ಇದ್ದರೆ ಆಫ್ ಮಾಡಿ: ಅದರಲ್ಲಿ ಒಂದು ಸಲಕ್ಕೆ ₹1,000ದವರೆಗೆ ಪಿನ್ ಕೇಳದೆ ಹಣ ಹೋಗುತ್ತದೆ, ಒಳಗೆ ₹5,000ದವರೆಗೆ ಇರಬಹುದು. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಪಿನ್ ಒತ್ತುವಾಗ ಮಕ್ಕಳು ತೊಡೆಯ ಮೇಲೆ ಇರಬಾರದು. ಅವರು ಅಂಕಿ ನೋಡುವುದಿಲ್ಲ, ಬೆರಳು ಹೋದ ದಾರಿ ನೆನಪಿಟ್ಟುಕೊಳ್ಳುತ್ತಾರೆ.

ಪ್ರಶ್ನೆ: ನಮ್ಮದು ಕೂಡು ಕುಟುಂಬ. ಐದು ಮಕ್ಕಳು, ಒಟ್ಟು ಒಂಬತ್ತು ಫೋನು, ಮನೆಗೆ ಫೈಬರ್ ಇಂಟರ್‌ನೆಟ್ ಇದೆ. ಒಂದೊಂದು ಫೋನಿಗೂ ಆ್ಯಪ್ ಹಾಕುವ ಬದಲು ರೌಟರಿನಲ್ಲೇ ಕೆಟ್ಟ ಸೈಟ್‌ಗಳನ್ನು ತಡೆಯಬಹುದೇ?
— ವಿಜಯಪುರ

ಉತ್ತರ: ಬಹುದು. ಖರ್ಚೂ ಇಲ್ಲ. ಫೋನು ಯಾವುದೇ ಸೈಟ್ ತೆರೆಯುವ ಮೊದಲು ಅದರ ಹೆಸರಿಗೆ ವಿಳಾಸ ಯಾವುದು ಅಂತ ಡಿಎನ್ಎಸ್ ಎಂಬ ಸೇವೆಯನ್ನು ಕೇಳುತ್ತದೆ. ಅಶ್ಲೀಲ ಸೈಟ್‌ಗಳ ವಿಳಾಸ ಹೇಳಲು ಒಲ್ಲೆ ಅನ್ನುವ ಡಿಎನ್ಎಸ್ ಆರಿಸಿಕೊಂಡರೆ ಇಡೀ ಮನೆಗೆ ತಡೆ ಹಾಕಿದಂತೆ. ಕ್ಲೌಡ್‌ಫ್ಲೇರ್ ಸಂಸ್ಥೆ 2020ರಿಂದ ಕುಟುಂಬಗಳಿಗೆಂದೇ ಇಂಥದ್ದನ್ನು ಕೊಡುತ್ತಿದೆ.

ರೌಟರಿನ ವೈಫೈಗೆ ಸೇರಿರುವ ಫೋನು ಅಥವಾ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ 192.168.1.1 ಎಂದು ಹಾಕಿ. ಕೆಲವು ರೌಟರ್‌ಗಳಿಗೆ ಬೇರೆ ಸಂಖ್ಯೆ ಇರುತ್ತದೆ, ತಳದ ಸ್ಟಿಕ್ಕರ್ ನೋಡಿ. ಬಳಕೆದಾರನ ಹೆಸರು, ಪಾಸ್‌ವರ್ಡ್ ಕೂಡ ಅಲ್ಲೇ ಇರುತ್ತವೆ. ಒಳಗೆ ಲ್ಯಾನ್ ಅಥವಾ ಡಿಎಚ್‌ಸಿಪಿ ವಿಭಾಗದಲ್ಲಿ ಮೊದಲ ಡಿಎನ್ಎಸ್ 1.1.1.3, ಎರಡನೆಯದು 1.0.0.3 ಎಂದು ತುಂಬಿ, ಸೇವ್ ಮಾಡಿ, ರೌಟರ್ ಆಫ್ ಮಾಡಿ ಆನ್ ಮಾಡಿ. ಫೋನುಗಳ ವೈಫೈಯನ್ನೂ ಒಮ್ಮೆ ಆಫ್-ಆನ್ ಮಾಡಬೇಕು, ಇಲ್ಲವಾದರೆ ಹಳೆಯ ವಿಳಾಸವನ್ನೇ ಹಿಡಿದು ಕೂತಿರುತ್ತವೆ.

ತಡೆ ಹಾಕಿದರೂ ಸೈಟ್ ತೆರೆಯುತ್ತಿದ್ದರೆ ಮೂರು ಕಡೆ ನೋಡಿ. ಎರಡನೆಯ ಡಿಎನ್ಎಸ್ ಜಾಗದಲ್ಲಿ ಹಳೆಯ 8.8.8.8 (ಗೂಗಲ್‌ನ ಡಿಎನ್ಎಸ್) ಉಳಿದಿರಬಹುದು, ಫೋನು ಎರಡರಲ್ಲಿ ಯಾವುದನ್ನು ಬೇಕಾದರೂ ಕೇಳೀತು. ಐಪಿವಿ6 ಎಂಬ ಹೊಸ ಬಗೆಯ ಇಂಟರ್‌ನೆಟ್ ವಿಳಾಸಕ್ಕೆ ಪ್ರತ್ಯೇಕ ಡಿಎನ್ಎಸ್ ಇರುತ್ತದೆ, ಅದನ್ನು ಬದಲಿಸದಿದ್ದರೆ ಅರ್ಧ ಸಂಚಾರ ಆ ದಾರಿಯಲ್ಲೇ ಹೋಗುತ್ತದೆ. ಇನ್ನು ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ‘ಪ್ರೈವೇಟ್ ಡಿಎನ್ಎಸ್’ ಎಂಬ ಸೆಟ್ಟಿಂಗ್ ಇದೆ. ಅಲ್ಲಿ ಬೇರೆ ಹೆಸರು ತುಂಬಿದ್ದರೆ ರೌಟರಿನ ಮಾತನ್ನು ಫೋನು ಕೇಳುವುದಿಲ್ಲ. ಇದೇ ಸೆಟ್ಟಿಂಗನ್ನು ನಿಮ್ಮ ಉಪಯೋಗಕ್ಕೂ ತಂದುಕೊಳ್ಳಬಹುದು: ಮಕ್ಕಳ ಫೋನಿನ ಆ ಜಾಗದಲ್ಲಿ ಫ್ಯಾಮಿಲಿ ಡಾಟ್ ಕ್ಲೌಡ್‌ಫ್ಲೇರ್ ಹೈಫನ್ ಡಿಎನ್ಎಸ್ ಡಾಟ್ ಕಾಮ್ ಎಂದು ಇಂಗ್ಲಿಷಿನಲ್ಲಿ ತುಂಬಿದರೆ ತಡೆ ಮೊಬೈಲ್ ಡೇಟಾಗೂ ಹತ್ತುತ್ತದೆ. ಡೇಟಾ ಪ್ಯಾಕ್ ಇರುವ ಫೋನು ವೈಫೈ ಬಿಟ್ಟ ಕೂಡಲೇ ರೌಟರಿನ ತಡೆ ಮುಗಿಯಿತು ಅನ್ನುವುದು ನೆನಪಿರಲಿ. ಕೂಡು ಕುಟುಂಬದಲ್ಲಿ ಕಾಕಾನ ಹಾಟ್‌ಸ್ಪಾಟ್ ಸದಾ ಕೈಗೆಟಕುವಷ್ಟು ದೂರದಲ್ಲೇ ಇರುತ್ತದೆ. ಆದ್ದರಿಂದ ಮನೆಯ ದೊಡ್ಡವರೆಲ್ಲ ಸೇರಿ ಮೊದಲು ಒಂದು ಮಾತಿಗೆ ಬರಬೇಕು.

ಡಿಎನ್ಎಸ್ ನೋಡುವುದು ಸೈಟಿನ ಹೆಸರನ್ನಷ್ಟೇ, ಒಳಗಿನ ಪುಟವನ್ನಲ್ಲ. ಯೂಟ್ಯೂಬಿನಲ್ಲಿ ಒಂದು ವಿಡಿಯೊ ಬೇಡ, ಉಳಿದದ್ದು ಬೇಕು ಅಂದರೆ ಅದರಿಂದ ಆಗದು. ರೌಟರಿನ ಸ್ಟಿಕ್ಕರ್ ಪಾಸ್‌ವರ್ಡನ್ನು ಇವತ್ತೇ ಬದಲಿಸಿ. ಹುಡುಗರು ಮೊದಲು ತಿರುಗಿಸಿ ನೋಡುವುದೇ ಆ ಸ್ಟಿಕ್ಕರನ್ನು.

ಪ್ರಶ್ನೆ: ಮಗನ ಹಳೆಯ ಫೋನಿಗೆ ಒಂದು ನಿಗಾ ಆ್ಯಪ್ ಹಾಕಿದ್ದೆವು. ಎರಡೇ ವಾರಕ್ಕೆ ಕೆಲಸ ನಿಲ್ಲಿಸಿತು. ಅವನೇ ಏನೋ ಮಾಡಿರಬೇಕು. ಏನು ಮಾಡಿರಬಹುದು?
— ಅಥಣಿ

ಉತ್ತರ: ಅವನ ಮೇಲೆ ಸಿಟ್ಟಾಗುವ ಮುನ್ನ ಫೋನನ್ನೇ ಸಂಶಯಿಸಿ. ಬ್ಯಾಟರಿ ಉಳಿಸಲೆಂದು ಅನೇಕ ಕಂಪನಿಗಳ ಫೋನುಗಳು ಹಿಂದೆ ಓಡುವ ಆ್ಯಪ್‌ಗಳನ್ನು ತಾವೇ ನಿಲ್ಲಿಸಿಬಿಡುತ್ತವೆ, ನಿಗಾ ಆ್ಯಪ್ ಕೂಡ ಅದರಲ್ಲಿ ಸಾಯುತ್ತದೆ. ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು ‘ನಿರ್ಬಂಧ ಇಲ್ಲ’ ಎಂದು ಮಾಡಿ, ‘ಆಟೋ ಸ್ಟಾರ್ಟ್’ ಆನ್ ಮಾಡಿ. ಅಪ್‌ಡೇಟ್ ಆದ ಮೇಲೆ, ಪರದೆ ಓದಲು ಬಿಡುವ ಆ್ಯಕ್ಸೆಸಿಬಿಲಿಟಿ ಅನುಮತಿ ಬಿದ್ದುಹೋಗಿದೆಯೇ ಅಂತಲೂ ನೋಡಿ.

ಹುಡುಗನೇ ಮಾಡಿದ್ದಾದರೆ ದಾರಿಗಳು ಹೆಚ್ಚಿಲ್ಲ: ಇನ್ನೊಂದು ಜಿಮೇಲ್ ಸೇರಿಸುವುದು, ಅತಿಥಿ ಬಳಕೆದಾರ ಅಥವಾ ‘ಸೆಕೆಂಡ್ ಸ್ಪೇಸ್’ ತೆರೆಯುವುದು, ಗಡಿಯಾರ ಹಿಂದಕ್ಕೆ ತಿರುಗಿಸುವುದು, ತಡೆ ತಪ್ಪಿಸಿ ಬೇರೆ ದಾರಿಯಲ್ಲಿ ಇಂಟರ್‌ನೆಟ್‌ಗೆ ಹೋಗುವ ವಿಪಿಎನ್ ಹಾಕುವುದು, ಫ್ಯಾಕ್ಟರಿ ರಿಸೆಟ್. ಇವೆಲ್ಲಕ್ಕಿಂತ ಸುಲಭದ್ದು, ಅಮ್ಮ ಪಾಸ್‌ವರ್ಡ್ ಒತ್ತುವಾಗ ನೋಡಿಕೊಳ್ಳುವುದು. ಫ್ಯಾಮಿಲಿ ಲಿಂಕಿನಲ್ಲಿ ಮಗುವಿನ ಫೋನಿನ ಸೆಟ್ಟಿಂಗ್‌ಗೆ ಹೋದರೆ ಬಳಕೆದಾರರನ್ನು ಸೇರಿಸುವುದು, ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಹಾಕುವ ಎಪಿಕೆ ಫೈಲ್ ಹಾಕುವುದು, ಡೆವಲಪರ್ ಆಯ್ಕೆಗಳು, ಈ ಮೂರನ್ನೂ ನೀವೇ ಮುಚ್ಚಬಹುದು. ಎಪಿಕೆ ಬಾಗಿಲು ಮುಚ್ಚುವುದು ತೀರಾ ಮುಖ್ಯ. ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾಯ್ದೆಯಿಂದ ನಿಷೇಧಿಸಿದೆ. ಇನ್ನು ಅವು ಹುಡುಗರ ಕೈಗೆ ಬರುವುದಾದರೆ ಪ್ಲೇ ಸ್ಟೋರ್ ಹೊರಗಿನ ಇಂಥ ಫೈಲ್‌ಗಳ ಮೂಲಕವೇ ಹೆಚ್ಚು.

ಅವನು ದಾರಿ ಹುಡುಕಿದ್ದೇ ನಿಜವಾದರೆ, ಮಿತಿ ಅವನ ವಯಸ್ಸಿಗೆ ಬಿಗಿಯಾಯಿತೇನೋ ಅಂತಲೂ ಯೋಚಿಸಿ. ಅವನನ್ನು ಕೂಡಿಸಿಕೊಂಡು, ಎಷ್ಟು ಹೊತ್ತು ಬೇಕು, ಯಾತಕ್ಕೆ ಬೇಕು ಅಂತ ಕೇಳಿ ಹೊಸ ಮಿತಿ ಇಡಿ.

ಪ್ರಶ್ನೆ: ಮಗಳು 17 ವರ್ಷದವಳು. ಬೆಳಗಾವಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ. ಅವಳಿಗೆ ಗೊತ್ತಾಗದಂತೆ ವಾಟ್ಸ್‌ಆ್ಯಪ್ ಮೆಸೇಜ್ ನಮಗೆ ಕಾಣುವ ಆ್ಯಪ್ ಇದೆಯಂತೆ. ಯಾವುದು ಒಳ್ಳೆಯದು, ತಿಳಿಸಿ.
— ಒಬ್ಬ ತಂದೆ, ಚಿಕ್ಕೋಡಿ

ಉತ್ತರ: ಯಾವುದೂ ಒಳ್ಳೆಯದಲ್ಲ. ನಿಮ್ಮ ಆತಂಕ ಅರ್ಥವಾಗುತ್ತದೆ, ಆದರೂ ಹೆಸರು ಹೇಳುವುದಿಲ್ಲ. ಕಾರಣ ಹೇಳುತ್ತೇವೆ, ದಯವಿಟ್ಟು ಪೂರ್ತಿ ಓದಿ.

ಮಕ್ಕಳ ಮೇಲೆ ನಿಗಾ ಇಡುವ ಆ್ಯಪ್ ತಾನು ಇರುವುದನ್ನು ಮುಚ್ಚಿಡಬಾರದು, ಫೋನಿನ ಮೇಲೆ ಸದಾ ಸೂಚನೆ ತೋರಿಸುತ್ತಿರಬೇಕು ಅನ್ನುವುದು ಪ್ಲೇ ಸ್ಟೋರ್‌ನ ನಿಯಮ. ಅಂದರೆ ಗುಟ್ಟಾಗಿ ಕೂತು ಓದುವ ಆ್ಯಪ್ ಹೊರಗಿನಿಂದಲೇ ಬರಬೇಕು. ಅದನ್ನು ಹಾಕಲು ‘ಪ್ಲೇ ಪ್ರೊಟೆಕ್ಟ್’ ಎಂಬ ಕಾವಲನ್ನು ಆಫ್ ಮಾಡಿ ಅಂತ ಅವರೇ ಹೇಳಿಕೊಡುತ್ತಾರೆ. ಪರೀಕ್ಷೆಗೆ ಓದುತ್ತಿರುವ ಮಗಳ ಫೋನಿನ ಕಾವಲು ತೆಗೆದು, ಪರದೆಯನ್ನೆಲ್ಲ ಓದುವ ಅನುಮತಿಯನ್ನು ಗುರುತಿಲ್ಲದ ಕಂಪನಿಗೆ ಕೊಟ್ಟಂತಾಗುತ್ತದೆ. ಅವಳ ಫೋಟೊ, ಮಾತು, ಇರುವ ಜಾಗ ಎಲ್ಲವೂ ಮೊದಲು ಅವರ ಸರ್ವರ್‌ಗೆ ಹೋಗಿ ಆಮೇಲೆ ನಿಮಗೆ ಬರುತ್ತವೆ. ಇಂಥವುಗಳಲ್ಲಿ ಹೆಸರಾದ ಎಂಸ್ಪೈ ಎಂಬ ಆ್ಯಪಿನ ಗ್ರಾಹಕರು ಸಹಾಯ ಕೇಳಿ ಬರೆದ ಲಕ್ಷಗಟ್ಟಲೆ ಪತ್ರಗಳು 2024ರಲ್ಲಿ ಸೋರಿಹೋದವು. ಮಕ್ಕಳನ್ನು ಕಾಯಲು ಹಾಕಿದ್ದೇ ಮಕ್ಕಳ ಮಾಹಿತಿಯನ್ನು ಬೀದಿಗೆ ತರಬಹುದು.

ಇನ್ನೊಂದು ಮಾತು. ಒಂದಲ್ಲ ಒಂದು ದಿನ ಅವಳಿಗೆ ಗೊತ್ತಾಗುತ್ತದೆ. ಬ್ಯಾಟರಿ ಬೇಗ ಇಳಿಯುತ್ತದೆ, ಫೋನು ಬಿಸಿಯಾಗುತ್ತದೆ, ಗೆಳತಿ ಯಾರೋ ಅನುಮತಿ ಪಟ್ಟಿ ನೋಡುತ್ತಾಳೆ. ಆಮೇಲೆ ಅವಳು ಇನ್ನೊಂದು ಫೋನಿಗೆ ಹೋಗುತ್ತಾಳೆ, ಯಾರಾದರೂ ಕಾಡಿದರೆ ನಿಮಗೆ ಹೇಳುವುದನ್ನೂ ನಿಲ್ಲಿಸುತ್ತಾಳೆ. ನಿಜವಾಗಿ ಹೆದರಬೇಕಾದದ್ದು ಅದಕ್ಕೆ.

ಆ ವಯಸ್ಸಿಗೆ ಬೇಕಾದದ್ದು ಅವಳ ಕೈಯಲ್ಲೇ ಇರುವ ರಕ್ಷಣೆ. ಮುಂದಿನ ಸಲ ಊರಿಗೆ ಬಂದಾಗ ಜೊತೆಗೆ ಕೂತು ಇಷ್ಟು ಮಾಡಿ: ವಾಟ್ಸ್‌ಆ್ಯಪಿನಲ್ಲಿ ಎರಡು ಹಂತದ ಪಿನ್ ಹಾಕಿ; ಗ್ರೂಪ್‌ಗೆ ಸೇರಿಸುವ ಹಕ್ಕು ಪರಿಚಯದ ನಂಬರ್‌ಗಳಿಗೆ ಮಾತ್ರ ಇರಲಿ; ಅಪರಿಚಿತ ಕರೆಗಳು ಸದ್ದಿಲ್ಲದಂತಾಗಲಿ; ಪ್ರೊಫೈಲ್ ಫೋಟೊ ಪರಿಚಯದವರಿಗಷ್ಟೇ ಕಾಣಲಿ. ಇನ್‌ಸ್ಟಾಗ್ರಾಂ ಇದ್ದರೆ ಅದರಲ್ಲಿ ನಿಜವಾದ ವಯಸ್ಸು ಇರಲಿ. 18ರೊಳಗಿನವರಿಗೆ ಅದು ಕೊಡುವ ‘ಟೀನ್ ಅಕೌಂಟ್’ ಮೊದಲಿನಿಂದಲೇ ಪ್ರೈವೇಟ್ ಆಗಿರುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸೂಚನೆಗಳನ್ನು ಸುಮ್ಮನಾಗಿಸುತ್ತದೆ. ರಾತ್ರಿ ಬಸ್ಸಿನಲ್ಲಿ ಬರುವಾಗ ಲೊಕೇಶನ್ ಹಂಚಿಕೊಳ್ಳುವಂತೆ ಕೇಳಿ, ನೀವು ಹೊರಗಿದ್ದಾಗ ನಿಮ್ಮದನ್ನೂ ಅವಳಿಗೆ ಕಳಿಸಿ.

ಪ್ರಶ್ನೆ: ಮಗನ ಹತ್ತನೇ ತರಗತಿಯ ವಿಜ್ಞಾನ ಪಾಠವನ್ನೇ ನಮ್ಮ ಫಿಲ್ಟರ್ ತಡೆಯುತ್ತಿದೆ. ಬೇಡದ ಕನ್ನಡ, ಮರಾಠಿ ವಿಡಿಯೊಗಳನ್ನು ಮಾತ್ರ ಬಿಡುತ್ತಿದೆ. ಹೀಗೇಕೆ? ಇನ್ನೊಂದು. ಅವನ ಗೆಳೆಯನೊಬ್ಬನಿಗೆ ಗೇಮ್ ಚಾಟಿನಲ್ಲಿ ಪರಿಚಯವಾದವನು ಫೋಟೊ ಇಸಿದುಕೊಂಡು ಈಗ ಹಣ ಕೇಳಿ ಹೆದರಿಸುತ್ತಿದ್ದಾನಂತೆ. ಆ ಮನೆಯಲ್ಲೂ ಫಿಲ್ಟರ್ ಇತ್ತು.
— ಬೆಳಗಾವಿ

ಉತ್ತರ: ಮೊದಲನೆಯದಕ್ಕೆ ಚಿಕ್ಕ ಉತ್ತರ. ಪದ ನೋಡಿ ತಡೆಯುವ ಫಿಲ್ಟರ್‌ಗಳು ಹೆಚ್ಚಾಗಿ ಇಂಗ್ಲಿಷ್ ಪದಗಳ ಮೇಲೆ ನಿಂತಿವೆ. ಸಂತಾನೋತ್ಪತ್ತಿಯ ಪಾಠದಲ್ಲಿ ಬರುವ ಅಂಗಗಳ ಇಂಗ್ಲಿಷ್ ಹೆಸರು ಕಂಡ ಕೂಡಲೇ ಪುಟ ಮುಚ್ಚುತ್ತವೆ. ಕನ್ನಡದ, ಮರಾಠಿಯ ಬೈಗುಳ, ಪೋಲಿ ಮಾತು ಅವಕ್ಕೆ ತಿಳಿಯುವುದಿಲ್ಲ, ಅದರಲ್ಲೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವಂತೂ ಸರಾಗವಾಗಿ ದಾಟುತ್ತದೆ. ಪಾಠದ ಸೈಟುಗಳನ್ನು ‘ಯಾವಾಗಲೂ ಬಿಡು’ ಪಟ್ಟಿಗೆ ಸೇರಿಸಿ, ಪದದ ತಡೆ ತೆಗೆದು, ಸೈಟಿನ ಬಗೆ ನೋಡಿ ತಡೆಯುವುದನ್ನಷ್ಟೇ ಇಡಿ.

ಎರಡನೆಯದು ತುರ್ತಿನದು. ಆ ಮನೆಯವರಿಗೆ ಇವತ್ತೇ ತಿಳಿಸಿ. ಗೇಮಿನೊಳಗಿನ ಚಾಟ್ ಯಾವ ಫಿಲ್ಟರಿಗೂ ಕಾಣುವುದಿಲ್ಲ, ಹುಡುಗನದು ತಪ್ಪು ಅಂತ ಬೈಯುವ ಹೊತ್ತಲ್ಲ. ಹಣ ಕೊಡಬಾರದು, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಹೆದರಿಸಿದವನ ಐಡಿ, ನಂಬರ್, ಯುಪಿಐ ವಿಳಾಸ, ಬೆದರಿಕೆ ಬರಹ, ಇಷ್ಟರ ಸ್ಕ್ರೀನ್‌ಶಾಟ್ ತೆಗೆದುಕೊಂಡ ಮೇಲೆ ಬ್ಲಾಕ್ ಮಾಡಬೇಕು. ಚಾಟ್ ಅಳಿಸಬಾರದು. ಹುಡುಗನ ಫೋಟೊವನ್ನು ಸಾಕ್ಷಿ ಅಂತ ಮಾವನಿಗೋ ಮಾಸ್ತರರಿಗೋ ಕಳಿಸಲೇಬಾರದು; ಮಕ್ಕಳ ಅಶ್ಲೀಲ ಚಿತ್ರ ಹಂಚುವುದು ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ದೂರು ಕೊಡಿ, ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿ. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ 18ರೊಳಗಿನವರ ಇಂಥ ಚಿತ್ರಗಳಿಗೆಂದೇ ಇದೆ. ಚಿತ್ರವನ್ನು ಅದಕ್ಕೆ ಕಳಿಸಬೇಕಾಗಿಲ್ಲ. ಫೋನಿನಲ್ಲೇ ಚಿತ್ರದ ಗುರುತಿನ ಸಂಖ್ಯೆ ತಯಾರಾಗುತ್ತದೆ, ಆ ಗುರುತು ನೋಡಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ತಾಣಗಳು ಅದನ್ನು ತಡೆಯುತ್ತವೆ.

ಹುಡುಗನನ್ನು ಕೆಲವು ದಿನ ರಾತ್ರಿ ಒಬ್ಬನೇ ಮಲಗಲು ಬಿಡಬೇಡಿ ಅಂತ ಅವರಿಗೆ ಹೇಳಿ. ಅವನು ಮಾತು ಬಿಟ್ಟಿದ್ದರೆ, ಊಟ ಬಿಟ್ಟಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.